ತಳ ಗಟ್ಟಿಯಿದ್ದರೆ ಟ್ಯಾಂಕ್ ಗಟ್ಟಿ: ಉಪ್ಪುನೀರಿನ ಅಕ್ವೇರಿಯಂಗೆ ಮರಳು ಆರಿಸುವ 12 ಸೂತ್ರಗಳು

ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂತ ನಿರ್ಧಾರ ಮಾಡಿದ್ದೀರಿ. ಭೇಷ್! ಲೈಟ್ ಯಾವುದು, ಸ್ಕಿಮ್ಮರ್ ಯಾವುದು, ಮೊದಲು ಯಾವ ಮೀನು ತರೋದು ಅಂತ ವಾರಗಟ್ಟಲೆ ಓದಿದ್ದೀರಿ. ಮರಳಿನ ಬಗ್ಗೆ ಎಷ್ಟು ಹೊತ್ತು ಓದಿದಿರಿ? ಹೆಚ್ಚಿನವರು ಅದಕ್ಕೆ ಐದು ನಿಮಿಷವನ್ನೂ ಕೊಡುವುದಿಲ್ಲ. ಅಂಗಡಿಯವರು ಯಾವ ಚೀಲ ಎತ್ತಿಕೊಟ್ಟರೋ ಅದನ್ನೇ ಮನೆಗೆ ಹೊತ್ತು ತರುತ್ತಾರೆ.

ಲೈಟ್ ಹಿಡಿಸದಿದ್ದರೆ ನಾಳೆ ಬದಲಿಸಬಹುದು. ಪಂಪ್ ಕೆಟ್ಟರೆ ಹತ್ತು ನಿಮಿಷದ ಕೆಲಸ. ಮರಳು ಬದಲಿಸುವುದು ಹಾಗಲ್ಲ. ನನ್ನ ಮೊದಲ ಟ್ಯಾಂಕ್‌ಗೆ ದಪ್ಪ ಕಾಳಿನ ಕ್ರಶ್ಡ್ ಕೋರಲ್ ಹಾಕಿದ್ದೆ. ಎಂಟು ತಿಂಗಳಾದ ಮೇಲೆ, ನೈಟ್ರೇಟ್ ಎಷ್ಟು ಮಾಡಿದರೂ ಇಳಿಯದೆ, ಒಂದು ಭಾನುವಾರ ಪೂರ್ತಿ ಅದನ್ನು ತೆಗೆಯಲು ಕೂತೆ. ಮೀನುಗಳೆಲ್ಲ ಬಕೆಟ್‌ನಲ್ಲಿ, ಕಲ್ಲುಗಳೆಲ್ಲ ಟಬ್‌ನಲ್ಲಿ. ಮಗ್ಗಿನಲ್ಲಿ ಕಾಳು ಮೊಗೆದಾಗಲೆಲ್ಲ ಅದರ ಸಂದಿಯಿಂದ ಕಾಫಿ ಗಸಿಯಂಥ ಕೊಳೆ ಎದ್ದು ಬರುತ್ತಿತ್ತು. ಎಂಟು ತಿಂಗಳು ತಿನ್ನದೆ ಬಿಟ್ಟ ಆಹಾರ, ಮೀನಿನ ಮಲ, ಎಲ್ಲ ಅಲ್ಲೇ ಕೂತಿತ್ತು. ಆ ದಿನ ನಿಮಗೆ ಬರಬಾರದು. ಅದಕ್ಕೇ ಈ 12 ಸೂತ್ರಗಳು. ಒಂದೊಂದನ್ನೂ ಓದಿ, ಟಿಕ್ ಹಾಕಿ, ಮುಂದಕ್ಕೆ ಹೋಗಿ.

1. ಮೊದಲು ಪ್ರಾಣಿಗಳ ಪಟ್ಟಿ ಬರೆಯಿರಿ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಒಂದು ವರ್ಷದ ನಂತರ ನಿಮ್ಮ ಟ್ಯಾಂಕ್‌ನಲ್ಲಿ ಯಾರ‍್ಯಾರು ಇರಬೇಕು ಅಂತ ಬರೆಯಿರಿ. ಯಾವ ಮರಳು ಬೇಕು ಅನ್ನುವುದಕ್ಕೆ ಉತ್ತರ ಆ ಪಟ್ಟಿಯಲ್ಲೇ ಸಿಗುತ್ತದೆ.

ಬರೀ ಕ್ಲೌನ್‌ಫಿಶ್ ಜೋಡಿ ಸಾಕೇ? ಅವಕ್ಕೆ ತಳ ಹೇಗಿದ್ದರೂ ನಡೆಯುತ್ತದೆ. ಹ್ಯಾಲಿಕೋರಿಸ್ ಜಾತಿಯ ರಾಸ್ ಮೀನು ಬೇಕೇ? ಅದು ರಾತ್ರಿಯಾದರೆ, ಹೆದರಿದರೆ, ತಲೆ ಮುಂದಾಗಿ ಮರಳಿಗೆ ಧುಮುಕಿ ಹೂತುಕೊಳ್ಳುತ್ತದೆ. ಅದಕ್ಕೆ ಕನಿಷ್ಠ 5 ಸೆಂ.ಮೀ. ಮೃದುವಾದ ಮರಳು ಬೇಕು, ಚೂಪು ಕಾಳಿದ್ದರೆ ಮೈ ತರಚುತ್ತದೆ. ಹಳದಿ ವಾಚ್‌ಮನ್ ಗೋಬಿ ಮತ್ತು ಪಿಸ್ತೂಲ್ ಸಿಗಡಿಯ ಜೋಡಿ ಬೇಕೇ? ಸಿಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲು ಕಾಯುತ್ತದೆ. ಬರೀ ನಯವಾದ ಮರಳಿನಲ್ಲಿ ಆ ಬಿಲ ಕುಸಿಯುತ್ತದೆ. ಒಂದು ಹಿಡಿ ದಪ್ಪ ಚೂರುಗಳನ್ನೂ ಬೆರೆಸಿ ಕೊಡಿ, ಅವನ್ನು ಸಿಗಡಿಯೇ ಹೊತ್ತು ಗೋಡೆ ಕಟ್ಟಿಕೊಳ್ಳುತ್ತದೆ.

ಪಟ್ಟಿ ಇಲ್ಲದೆ ಮರಳು ಕೊಳ್ಳುವುದು, ಮನೆಯಲ್ಲಿ ಎಷ್ಟು ಜನ ಅಂತ ಕೇಳದೆ ಅಡುಗೆಗೆ ಅಕ್ಕಿ ಅಳೆದ ಹಾಗೆ.

2. ಚೀಲದ ಮೇಲೆ ‘ಆರಗೊನೈಟ್’ ಅಂತ ಇದೆಯಾ ನೋಡಿ

ಇದ್ದರೆ ಎತ್ತಿಕೊಳ್ಳಿ, ಇಲ್ಲದಿದ್ದರೆ ಬಿಡಿ. ಆರಗೊನೈಟ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಒಂದು ಹರಳಿನ ರೂಪ. ಹವಳಗಳು ತಮ್ಮ ಅಸ್ಥಿ ಕಟ್ಟಿಕೊಳ್ಳುವುದು ಇದರಿಂದಲೇ. ಬಹಾಮಾಸ್‌ನ ಬೆಚ್ಚಗಿನ, ಆಳವಿಲ್ಲದ ಸಮುದ್ರದಲ್ಲಿ ಪುಟ್ಟ ಕಣಗಳು ಅಲೆಗೆ ಉರುಳುತ್ತಾ ಉರುಳುತ್ತಾ ಪದರ ಪದರವಾಗಿ ಆರಗೊನೈಟ್ ಸುತ್ತಿಕೊಂಡು ದುಂಡಗಾಗುತ್ತವೆ. ಅವೇ ಊಯ್ಡ್‌ಗಳು. ಮಾರುಕಟ್ಟೆಯಲ್ಲಿ ‘ಊಲಿಟಿಕ್ ಸ್ಯಾಂಡ್’ ಅಂತ ಸಿಗುವುದು ಅದೇ. ಇನ್ನು ಕೆಲವು ಕಡಲತೀರಗಳ ಬಿಳಿ ಮರಳಿನಲ್ಲಿ ಗಿಳಿಮೀನುಗಳ ದುಡಿಮೆ ದೊಡ್ಡದು. ಹವಳದ ಬಂಡೆಯನ್ನು ಕೊಕ್ಕಿನಿಂದ ಕೆರೆದು ತಿಂದು, ಗಂಟಲಲ್ಲಿ ಅರೆದು, ಮರಳಾಗಿ ಹೊರಹಾಕುತ್ತವೆ. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕೆಜಿ ಮರಳು ಮಾಡುತ್ತದೆ. ನಿಮ್ಮ ಟ್ಯಾಂಕ್‌ನಲ್ಲಿ ಹಾಸುವುದು ಅಂಥ ಸಮುದ್ರದ ನೆಲವನ್ನೇ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಈಗಲೇ ಬಿಡಿ. ‘ಆರಗೊನೈಟ್ ಹಾಕಿದರೆ ಪಿಎಚ್ ತಾನಾಗಿ 8.2ರಲ್ಲಿ ನಿಲ್ಲುತ್ತದೆ’ ಅಂತ ಹೇಳುವವರಿದ್ದಾರೆ. ಪಿಎಚ್ 8.2 ಇರುವ ಸಮುದ್ರದ ನೀರಿನಲ್ಲಿ ಆರಗೊನೈಟ್ ಕರಗುವುದೇ ಇಲ್ಲ. ಮರಳಿನ ಒಳಪದರದಲ್ಲಿ ಬ್ಯಾಕ್ಟೀರಿಯಾ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಟ್ಟಾಗ ಅಲ್ಲಿ ಪಿಎಚ್ ಇಳಿಯುತ್ತದೆ. ಕರಗುವುದು ಅಲ್ಲಿ ಮಾತ್ರ, ಅದೂ ಸ್ವಲ್ಪ ಸ್ವಲ್ಪವೇ. ಹಾಗಾಗಿ ಆಲ್ಕಲಿನಿಟಿ ಟೆಸ್ಟ್ ಮಾಡುವುದನ್ನೂ ನೀರು ಬದಲಿಸುವುದನ್ನೂ ಕೈಬಿಡಬೇಡಿ. ಮರಳು ಸಹಾಯಕ ಮಾತ್ರ, ಜವಾಬ್ದಾರಿ ನಿಮ್ಮದೇ.

3. ಗಸಗಸೆಯಿಂದ ಸಾಸಿವೆ: ಕಾಳಿನ ಗಾತ್ರ ಇಷ್ಟೇ

ಹನ್ನೆರಡರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಡುಗೆಮನೆಗೆ ಹೋಗಿ ಮೂರು ಡಬ್ಬಿ ತೆರೆಯಿರಿ.

ಚಿರೋಟಿ ರವೆ ಒಂದು ಚಿಟಿಕೆ ಅಂಗೈ ಮೇಲೆ ಹಾಕಿಕೊಂಡು ಮೆಲ್ಲಗೆ ಊದಿ. ಹಾರಿಹೋಯಿತಲ್ಲ? ‘ಶುಗರ್ ಫೈನ್’ ಮರಳಿನ ಕಥೆಯೂ ಇದೇ. ಕಾಳು ಅರ್ಧ ಮಿ.ಮೀ. ಆಸುಪಾಸು. ನೋಡಲು ಅದರಷ್ಟು ಚೆಂದ ಇನ್ನೊಂದಿಲ್ಲ. ಆದರೆ ವೇವ್‌ಮೇಕರ್ ಹಾಕಿದ ತಕ್ಷಣ ಒಂದು ಮೂಲೆ ಬೋಳಾಗಿ ಗಾಜು ಕಾಣುತ್ತದೆ, ಇನ್ನೊಂದು ಮೂಲೆಯಲ್ಲಿ ಗುಡ್ಡ ಏಳುತ್ತದೆ. ಹವಳದ ಮೇಲೆ ಮರಳು ಬಿದ್ದು ಹಾಗೇ ಉಳಿದರೆ ಆ ಜಾಗದ ಜೀವಕೋಶ ಸಾಯುತ್ತದೆ. ಹವಳಕ್ಕೆ ಹರಿವು ಬೇಕು, ಹರಿವಿಗೆ ಈ ಮರಳು ನಿಲ್ಲುವುದಿಲ್ಲ. ಹೊಸಬರಿಗೆ ಈ ಜಗಳ ಬೇಡ.

ಎರಡನೇ ಡಬ್ಬಿ ಕಡಲೆಬೇಳೆ. ಒಂದು ಲೋಟ ಬೇಳೆಯ ಮೇಲೆ ಒಂದು ಚಮಚ ಕಾಫಿಪುಡಿ ಉದುರಿಸಿ, ಲೋಟ ತಟ್ಟಿ. ಪುಡಿಯೆಲ್ಲ ಸಂದಿಯಲ್ಲಿ ಇಳಿದು ಕಾಣೆಯಾಗುತ್ತದೆ. 3 ರಿಂದ 5 ಮಿ.ಮೀ. ಕ್ರಶ್ಡ್ ಕೋರಲ್‌ನಲ್ಲಿ ಕೊಳೆ ಇಳಿಯುವುದು ಹೀಗೆಯೇ. ಮೇಲಿನಿಂದ ಸ್ವಚ್ಛ, ಒಳಗೆ ನೈಟ್ರೇಟ್ ಕಾರ್ಖಾನೆ. ನನ್ನ ಭಾನುವಾರ ಹಾಳಾಗಿದ್ದು ಇದರಿಂದಲೇ.

ಮೂರನೆಯದು ಸಾಸಿವೆ, ಪಕ್ಕದಲ್ಲೇ ಗಸಗಸೆ. ಗಸಗಸೆ 1 ಮಿ.ಮೀ., ಸಾಸಿವೆ ಹೆಚ್ಚೆಂದರೆ 2 ಮಿ.ಮೀ. ನಿಮ್ಮ ಮರಳು ಈ ಎರಡರ ನಡುವೆ ಇರಲಿ. ಕೊಳೆ ಮೇಲೆಯೇ ನಿಲ್ಲುತ್ತದೆ, ಪಂಪ್ ಎತ್ತಿಕೊಂಡು ಫಿಲ್ಟರ್‌ಗೆ ಒಯ್ಯುತ್ತದೆ. ಸಾಧಾರಣ ಹರಿವಿಗೆ ಕಾಳು ಅಲುಗುವುದಿಲ್ಲ. ಗೋಬಿ, ಬಸವನಹುಳು, ಎಲ್ಲರೂ ಓಡಾಡುತ್ತಾರೆ. ಕ್ಯಾರಿಬ್‌ಸೀ ಥರದ ಕಂಪನಿಗಳು ಕಾಳಿನ ಅಳತೆಯನ್ನು ಚೀಲದ ಮೇಲೇ ಮುದ್ರಿಸುತ್ತವೆ. ಹೆಸರಿಗೆ ಮರುಳಾಗಬೇಡಿ, ಮಿ.ಮೀ. ಓದಿ.

4. ಕಟ್ಟಡದ ಮರಳಿಗೆ, ಬೀಚ್ ಮರಳಿಗೆ ಖಡಾಖಂಡಿತವಾಗಿ ‘ನೋ’ ಹೇಳಿ

ಬೆಂಗಳೂರಿನ ಪ್ರತಿ ಬೀದಿಯಲ್ಲೂ ಒಂದು ಎಂ-ಸ್ಯಾಂಡ್ ರಾಶಿ ಇರುತ್ತದೆ. ಕಾಳು ನೋಡಿದರೆ ಸರಿಯಾಗಿಯೇ ಇದೆ ಅನಿಸುತ್ತದೆ. ಅದು ಪುಡಿಮಾಡಿದ ಕಗ್ಗಲ್ಲು. ಅಂಚು ಚೂಪು, ಜೊತೆಗೆ ವಿಪರೀತ ದೂಳು. ನದಿ ಮರಳು ಬಹುಪಾಲು ಕ್ವಾರ್ಟ್ಜ್. ಕ್ವಾರ್ಟ್ಜ್ ವಿಷವೇನಲ್ಲ, ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಆದರೆ ಸಮುದ್ರದ ಟ್ಯಾಂಕ್‌ಗೆ ಅದರಿಂದ ಕ್ಯಾಲ್ಸಿಯಮ್ಮೂ ಸಿಗದು, ಕಾರ್ಬೊನೇಟೂ ಸಿಗದು. ಅದರ ಜೊತೆ ಮಣ್ಣು, ಸಿಮೆಂಟು, ಇನ್ನೇನೇನು ಬಂದಿದೆಯೋ ಯಾರಿಗೂ ತಿಳಿಯದು.

‘ಸಮುದ್ರದ ಮೀನಿಗೆ ಸಮುದ್ರದ ಮರಳು ತಾನೇ ಸರಿ?’ ಅಂತ ಮಲ್ಪೆಗೋ ಗೋಕರ್ಣಕ್ಕೋ ಹೋದಾಗ ಚೀಲ ತುಂಬಿಸಿಕೊಳ್ಳುವ ಆಸೆ ಬರುತ್ತದೆ. ಬೇಡ. ನಮ್ಮ ಕರಾವಳಿಯ ಮರಳು ಬಹುಪಾಲು ಘಟ್ಟದಿಂದ ನದಿಗಳು ಹೊತ್ತು ತಂದ ಕ್ವಾರ್ಟ್ಜ್. ಅದರೊಳಗೆ ಕಪ್ಪು ಗೆರೆಗಳಂತೆ ಕಾಣುವುದು ಇಲ್ಮೆನೈಟ್‌ನಂಥ ಲೋಹದ ಖನಿಜಗಳು. ದೋಣಿಗಳ ಎಣ್ಣೆ, ಪ್ಲಾಸ್ಟಿಕ್ ಚೂರು ಬೇರೆ.

ಇನ್ನು ಹವಳದ ಚೂರುಗಳ ವಿಷಯ. ಇಲ್ಲಿ ನಾನು ಕಟ್ಟುನಿಟ್ಟು. ನಮ್ಮಲ್ಲೂ ಹವಳವಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್ ಮಾಡಿದವರು ಕಣ್ಣಾರೆ ನೋಡಿದ್ದಾರೆ. ಲಕ್ಷದ್ವೀಪದ ತೀರವಂತೂ ಹವಳದ ಮರಳಿನದೇ. ಅಲ್ಲಿಂದ ಒಂದು ಹಿಡಿಯನ್ನೂ ತರಬೇಡಿ. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಅನುಸೂಚಿಗೆ ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಬಿಡಿಯಾಗಿ, ಲೇಬಲ್ ಇಲ್ಲದ ಕವರ್‌ನಲ್ಲಿ ‘ಕೋರಲ್ ಚಿಪ್ಸ್’ ಮಾರುವವರನ್ನು ಎಲ್ಲಿಂದ ಬಂತು ಅಂತ ನೇರವಾಗಿ ಕೇಳಿ. ಉತ್ತರಕ್ಕೆ ತಡವರಿಸಿದರೆ ವ್ಯಾಪಾರ ಅಲ್ಲಿಗೇ ಮುಗಿಸಿ. ಮನೆಯೊಳಗೆ ಒಂದು ಪುಟ್ಟ ಸಮುದ್ರ ಸಾಕಲು ಹೊರಟವರು ಹೊರಗಿನ ಸಮುದ್ರವನ್ನು ಕೆಡಿಸಿ ಸಾಕುವುದು ಹೇಗೆ?

5. ಅನುಮಾನವೇ? ವಿನೆಗರ್ ಹಾಕಿ

ಚೀಲದ ಮೇಲೆ ಬರೆದಿದ್ದನ್ನು ನಂಬಬೇಕೋ ಬೇಡವೋ ಅಂತ ಕೊರಗುತ್ತಾ ಕೂರಬೇಡಿ. ಅನುಮಾನ ಒಂದು ಅಭ್ಯಾಸ, ಅದಕ್ಕೆ ಮದ್ದು ಪರೀಕ್ಷೆ. ಒಂದು ಚಮಚ ಮರಳು ಬಟ್ಟಲಿಗೆ ಹಾಕಿ, ಮೇಲೆ ಬಿಳಿ ವಿನೆಗರ್ ಸುರಿಯಿರಿ. ನೊರೆ ಬುಸುಗುಟ್ಟಿದರೆ ಕಾರ್ಬೊನೇಟ್, ಸುಮ್ಮನಿದ್ದರೆ ಅಲ್ಲ. ಆಮೇಲೆ ಒಂದು ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಣ ಮರಳಿನಲ್ಲಿ ಆಡಿಸಿ. ಕಪ್ಪು ಕಣಗಳು ಮೆತ್ತಿಕೊಂಡು ಬಂದರೆ ಆ ಮರಳು ನಿಮ್ಮ ಟ್ಯಾಂಕ್‌ಗೆ ಬೇಡ. ಐದು ನಿಮಿಷ ಸಾಕು.

6. ಆಳ 4 ಸೆಂ.ಮೀ. ಅಂತ ಬರೆದುಕೊಳ್ಳಿ

ಆಳದ ಬಗ್ಗೆ ಮೂರು ಪಂಥಗಳಿವೆ. ತಿಳಿದುಕೊಳ್ಳಿ, ಆದರೆ ಸಿಕ್ಕಿಹಾಕಿಕೊಳ್ಳಬೇಡಿ.

ಮೊದಲನೆಯದು ಆಳದ ಹಾಸು, 10 ರಿಂದ 15 ಸೆಂ.ಮೀ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ರಾನ್ ಶಿಮೆಕ್ ಇದನ್ನು ಹವ್ಯಾಸಿಗಳ ನಡುವೆ ಜನಪ್ರಿಯ ಮಾಡಿದವರಲ್ಲಿ ಪ್ರಮುಖರು. ಅದಕ್ಕೂ ಮುಂಚೆ ಫ್ರಾನ್ಸಿನ ವಿಜ್ಞಾನಿ ಜಾನ್ ಜೋಬೇರ್, ಮರಳಿನ ಕೆಳಗೆ ಜಾಲರಿ ಇಟ್ಟು ನೀರಿನ ಖಾಲಿ ಪದರ ಬಿಡುವ ಪ್ಲೀನಂ ವಿಧಾನ ತಂದಿದ್ದರು. ಎರಡರ ಹಿಂದಿನ ತತ್ವವೂ ಹೆಚ್ಚುಕಡಿಮೆ ಒಂದೇ. ಮರಳಿನ ಆಳದಲ್ಲಿ ಆಮ್ಲಜನಕ ತೀರಾ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟ್‌ನಲ್ಲಿರುವ ಆಮ್ಲಜನಕ ಬಳಸಿಕೊಂಡು ನೈಟ್ರೋಜನ್ ಅನಿಲವನ್ನು ಹೊರಬಿಡುತ್ತವೆ. ಕೇಳಲು ಸೊಗಸು, ನಡೆಸಲು ಅನುಭವ ಬೇಕು. ಆ ಆಳದ ಮರಳನ್ನು ಅರಿಯದೆ ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎದ್ದು ಬರಬಹುದು. ಮೀನಿಗೆ ಅದು ವಿಷ.

ಎರಡನೆಯದು ಮರಳೇ ಇಲ್ಲದ ಬರಿ ಗಾಜಿನ ತಳ. ತೊಳೆಯಲು ಸುಲಭ. ಜೋರು ಹರಿವು ಬೇಡುವ ಹವಳ ಬೆಳೆಸುವವರಿಗೆ, ಕ್ವಾರಂಟೈನ್ ಟ್ಯಾಂಕ್‌ಗೆ ಇದು ಸರಿ. ನಿಮ್ಮ ಹಾಲ್‌ನ ಮೊದಲ ಟ್ಯಾಂಕ್‌ಗೆ ಬೇಡ. ಮರಳಿನಲ್ಲಿ ಬದುಕುವ ಅರ್ಧ ಲೋಕವೇ ಕೈತಪ್ಪುತ್ತದೆ.

ನಿಮ್ಮದು ಮೂರನೆಯದು, ಎಂದರೆ 3 ರಿಂದ 5 ಸೆಂ.ಮೀ. ತೆಳು ಹಾಸು. ಶುಚಿ ಮಾಡುವುದು ಸುಲಭ, ವಿಷಾನಿಲದ ಭಯ ಕಡಿಮೆ. 4 ಸೆಂ.ಮೀ. ಗುರುತು ಹಾಕಿ. ಹೂತುಕೊಳ್ಳುವ ರಾಸ್ ನಿಮ್ಮ ಪಟ್ಟಿಯಲ್ಲಿದ್ದರೆ ಮಾತ್ರ 5ಕ್ಕಿಂತ ಕಡಿಮೆ ಮಾಡಬೇಡಿ.

7. ಕ್ಯಾಲ್ಕುಲೇಟರ್ ತೆಗೆಯಿರಿ

ಉದ್ದ × ಅಗಲ × ಮರಳಿನ ಆಳ, ಎಲ್ಲ ಸೆಂ.ಮೀ.ನಲ್ಲಿ. ಬಂದಿದ್ದನ್ನು 1000ದಿಂದ ಭಾಗಿಸಿ, ಲೀಟರ್ ಸಿಗುತ್ತದೆ. ಅದನ್ನು 1.5ರಿಂದ ಗುಣಿಸಿ, ಕೆಜಿ ಸಿಗುತ್ತದೆ. 60 × 45 ತಳದ ಟ್ಯಾಂಕ್‌ಗೆ 4 ಸೆಂ.ಮೀ. ಅಂದರೆ 10.8 ಲೀಟರ್, ಸುಮಾರು 16 ಕೆಜಿ. 90 × 45 ಆದರೆ ಸುಮಾರು 24 ಕೆಜಿ. 20 ಪೌಂಡಿನ ಚೀಲದಲ್ಲಿ 9 ಕೆಜಿ ಇರುತ್ತದೆ, ಹಾಗಾಗಿ 60 × 45ರ ಟ್ಯಾಂಕ್‌ಗೆ ಎರಡು ಚೀಲ. ಒಂದೇ ಸಲಕ್ಕೆ ಕೊಳ್ಳಿ. ಅರ್ಧಕ್ಕೆ ಸಾಲದೆ ಹೋಗಿ, ಮೀನು ಬಿಟ್ಟ ಮೇಲೆ ಒಣ ಮರಳು ಸುರಿಯುವ ಪರಿಸ್ಥಿತಿ ತಂದುಕೊಳ್ಳಬೇಡಿ.

8. ‘ಲೈವ್ ಸ್ಯಾಂಡ್’ಗೆ ದುಡ್ಡು ಹಾಕುವ ಮುನ್ನ ತಾರೀಕು ನೋಡಿ

ಲೈವ್ ಸ್ಯಾಂಡ್ ಅಂದರೆ ಒದ್ದೆಯಾಗಿಯೇ ಪ್ಯಾಕ್ ಮಾಡಿದ, ಬ್ಯಾಕ್ಟೀರಿಯಾ ಇರುವ ಮರಳು. ಉಪಯೋಗವಿದೆ, ಪವಾಡವಿಲ್ಲ. ಬಜೆಟ್ ಇದ್ದು, ಚೀಲದ ಮೇಲಿನ ತಾರೀಕು ಮೀರಿಲ್ಲದಿದ್ದರೆ ಕೊಳ್ಳಿ, ಇಲ್ಲದಿದ್ದರೆ ಒಣ ಆರಗೊನೈಟ್ ಕೊಂಡು ಉಳಿದ ದುಡ್ಡಿನಲ್ಲಿ ಒಳ್ಳೆಯ ಟೆಸ್ಟ್ ಕಿಟ್ ತನ್ನಿ. ಒಣ ಮರಳೂ ಟ್ಯಾಂಕ್‌ನಲ್ಲಿ ಕೆಲವು ತಿಂಗಳಲ್ಲಿ ಜೀವಂತವಾಗುತ್ತದೆ. ಯಾವುದೇ ಕೊಂಡರೂ ಸೈಕ್ಲಿಂಗ್ ತಪ್ಪಿಸಲಾಗದು. ಅಮೋನಿಯಾ ನೈಟ್ರೈಟ್ ಆಗಬೇಕು, ನೈಟ್ರೈಟ್ ನೈಟ್ರೇಟ್ ಆಗಬೇಕು. ಒಣ ಮರಳಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಮೊದಲೆರಡೂ ಸೊನ್ನೆ ತೋರಿಸುವವರೆಗೆ ಮೀನು ತರಬೇಡಿ.

9. ಒಣ ಮರಳನ್ನು ಅಕ್ಕಿ ತೊಳೆದ ಹಾಗೆ ತೊಳೆಯಿರಿ

ಬಕೆಟ್‌ನ ಕಾಲುಭಾಗ ಮರಳು ಹಾಕಿ, ನೀರು ಬಿಡಿ, ತೋಳು ಮುಳುಗುವಷ್ಟು ಕೈ ಹಾಕಿ ತಳದಿಂದ ತಿರುವಿ. ಮೊದಲ ನೀರು ಅಕ್ಕಚ್ಚಿನ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಬರುತ್ತದೆ. ಬಗ್ಗಿಸಿ. ಮತ್ತೆ ನೀರು, ಮತ್ತೆ ತಿರುವುವುದು. ಐದಾರು ಸಲ ಆದ ಮೇಲೆ ಬಕೆಟ್‌ನೊಳಗೆ ನಿಮ್ಮ ಬೆರಳಿನ ಉಗುರು ಕಾಣಲು ಶುರುವಾಗುತ್ತದೆ. ಅಲ್ಲಿಗೂ ನಿಲ್ಲಿಸಬೇಡಿ, ಇನ್ನೆರಡು ಸಲ ಮಾಡಿ. ನಲ್ಲಿ ನೀರೇ ಸಾಕು, ಕೊನೆಯ ಒಂದು ಸಲ ಮಾತ್ರ ಆರ್‌ಓ ನೀರು ಹಾಕಿ ಬಸಿಯಿರಿ. ಬೋರ್‌ವೆಲ್ ನೀರಿನ ಲವಣವಾಗಲಿ, ಕಾವೇರಿ ನೀರಿನ ಕ್ಲೋರಿನ್ ಆಗಲಿ ಟ್ಯಾಂಕ್‌ಗೆ ಹೋಗಬಾರದು.

ಲೈವ್ ಸ್ಯಾಂಡ್ ಕೊಂಡಿದ್ದರೆ ಈ ಸೂತ್ರ ನಿಮಗಲ್ಲ. ಅದನ್ನು ತೊಳೆದರೆ ದುಡ್ಡು ಕೊಟ್ಟ ಬ್ಯಾಕ್ಟೀರಿಯಾ ಮೋರಿ ಪಾಲು.

10. ಕಲ್ಲು ಮೊದಲು, ಮರಳು ಆಮೇಲೆ

ಕಲ್ಲುಗಳನ್ನು ನೇರವಾಗಿ ತಳದ ಗಾಜಿನ ಮೇಲೆ ಕೂರಿಸಿ, ಅಲ್ಲಾಡಿಸಿ ನೋಡಿ, ಆಮೇಲೆ ಸುತ್ತ ಮರಳು ಹರಡಿ. ಮರಳಿನ ಮೇಲೆ ಕಲ್ಲಿಟ್ಟರೆ ಸಿಗಡಿ ಒಂದು ರಾತ್ರಿ ಕೆಳಗೆ ತೋಡುತ್ತದೆ, ಬೆಳಿಗ್ಗೆ ಕಲ್ಲು ಗಾಜಿಗೆ ಒರಗಿರುತ್ತದೆ. ಅಥವಾ ಗಾಜೇ ಸೀಳಿರುತ್ತದೆ.

ನೀರು ಸುರಿಯುವಾಗ ಮರಳಿನ ಮೇಲೆ ಒಂದು ಊಟದ ತಟ್ಟೆ ಇಡಿ, ತಟ್ಟೆಯ ನಡುವೆ ನಿಧಾನವಾಗಿ ಸುರಿಯಿರಿ. ಗುಂಡಿ ಬೀಳುವುದಿಲ್ಲ.

11. ಬಿಳಿ ಮೋಡಕ್ಕೆ, ಕಂದು ಪೊರೆಗೆ ಹೆದರಬೇಡಿ

ನೀರು ತುಂಬಿದ ದಿನ ಟ್ಯಾಂಕ್ ಮಜ್ಜಿಗೆಯಂತೆ ಕಂಡರೆ ‘ಅಯ್ಯೋ, ಎಲ್ಲ ಹಾಳಾಯ್ತು’ ಅನಿಸುತ್ತದೆ. ಹಾಳಾಗಿಲ್ಲ. ಅದು ಕಾರ್ಬೊನೇಟ್ ದೂಳು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಫಿಲ್ಟರ್‌ನಲ್ಲಿ ಹತ್ತಿಯಂಥ ಫ್ಲಾಸ್ ಇಟ್ಟು ದಿನಕ್ಕೊಮ್ಮೆ ಬದಲಿಸಿ.

ಕೆಲವು ವಾರಗಳ ನಂತರ ಬಿಳಿ ಮರಳಿನ ಮೇಲೆ ಕಂದು ಪೊರೆ ಹರಡುತ್ತದೆ. ಅದು ಡಯಾಟಮ್. ಹೆಚ್ಚುಕಡಿಮೆ ಪ್ರತಿ ಹೊಸ ಟ್ಯಾಂಕ್‌ಗೂ ಬರುತ್ತದೆ, ನೀರಿನಲ್ಲಿರುವ ಸಿಲಿಕೇಟ್ ತಿಂದು ಮುಗಿಸಿ ಹೋಗುತ್ತದೆ. ನೂರರಲ್ಲಿ ಹತ್ತು ಭಾಗ ನೀರು ವಾರಕ್ಕೊಮ್ಮೆ ಬದಲಿಸುತ್ತಾ ಇರಿ, ಅದಕ್ಕೆ ಆರ್‌ಓ-ಡಿಐ (ಸಿಲಿಕೇಟೂ ಉಳಿಯದಂತೆ ಸೋಸಿದ) ನೀರನ್ನೇ ಬಳಸಿ, ಲೈಟ್ ಸ್ವಲ್ಪ ಕಡಿಮೆ ಹೊತ್ತು ಹಾಕಿ. ಈ ಹಂತದಲ್ಲಿ ಗಾಬರಿಯಾಗಿ ಮರಳು ತೆಗೆದು ಬೇರೆ ಹಾಕಿದರೆ ಸೈಕಲ್ ಮತ್ತೆ ಮೊದಲಿಂದ. ಅಳೆದೂ ಸುರಿದೂ ಮಾಡುವವರ ಟ್ಯಾಂಕ್ ಯಾವಾಗಲೂ ಒಂದನೇ ವಾರದಲ್ಲೇ ಇರುತ್ತದೆ. ನೀವು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಕಾಯಿರಿ.

12. ವಾರಕ್ಕೆ ಮೂರನೇ ಒಂದು ಭಾಗ, ಉಳಿದದ್ದು ಬಸವನಹುಳುವಿಗೆ

ನೀರು ಬದಲಿಸುವ ದಿನ ಸೈಫನ್ ಪೈಪಿನಿಂದ ಮರಳಿನ ಮೂರನೇ ಒಂದು ಭಾಗವನ್ನು ಮಾತ್ರ ಶುಚಿ ಮಾಡಿ. ಮುಂದಿನ ವಾರ ಪಕ್ಕದ ಭಾಗ. ಎಲ್ಲವನ್ನೂ ಒಂದೇ ದಿನ ಕಲಕಿದರೆ ಬ್ಯಾಕ್ಟೀರಿಯಾಕ್ಕೆ ಪೆಟ್ಟು, ನೀರಿಗೆ ಕೊಳೆ. ಗಾಜು ಉಜ್ಜುವ ಆಯಸ್ಕಾಂತವನ್ನು ಮರಳಿನ ಅಂಚಿಗೆ ಎರಡು ಬೆರಳು ಮೇಲೆಯೇ ನಿಲ್ಲಿಸಿ. ಅದರಡಿ ಒಂದೇ ಒಂದು ಕಾಳು ಸಿಕ್ಕಿದರೂ ಸಾಕು, ಗಾಜಿನ ಮೇಲೆ ಅಳಿಸಲಾಗದ ಗೀರು. ಆ ಎರಡು ಬೆರಳಿನ ಪಟ್ಟಿಗೆ ಹಳೆಯ ಎಟಿಎಂ ಕಾರ್ಡ್ ಬಳಸಿ.

ಮರಳು ಜರಡಿ ಹಿಡಿದು ತಿನ್ನುವ ದೊಡ್ಡ ಗೋಬಿಯನ್ನೋ ನಕ್ಷತ್ರ ಮೀನನ್ನೋ ‘ಕ್ಲೀನಿಂಗ್‌ಗೆ’ ಅಂತ ತರಬೇಡಿ. ಎರಡಡಿ ಟ್ಯಾಂಕ್‌ನ ಮರಳಿನಲ್ಲಿ ಅವಕ್ಕೆ ಸಿಗುವ ಆಹಾರ ಕೆಲವೇ ವಾರಕ್ಕೆ ಮುಗಿದು, ಕಣ್ಣೆದುರೇ ಸೊರಗಿ ಸಾಯುತ್ತವೆ. ನಸಾರಿಯಸ್ ಬಸವನಹುಳು ನಾಲ್ಕೈದು ತನ್ನಿ. ಬಿಟ್ಟ ಸ್ವಲ್ಪ ಹೊತ್ತಿಗೆ ಒಂದೂ ಕಾಣುವುದಿಲ್ಲ, ಎಲ್ಲ ಮರಳಿನೊಳಗೆ. ಸಂಜೆ ಟ್ಯಾಂಕ್ ಮುಂದೆ ಕೂತು ಒಂದು ಚೂರು ಸಿಗಡಿ ಮಾಂಸ ಹಾಕಿ, ಪಂಪ್ ನಿಲ್ಲಿಸಿ. ಮೊದಲು ಒಂದು ಕಡೆ ಮರಳು ಸಣ್ಣಗೆ ಅಲುಗುತ್ತದೆ. ಆನೆಯ ಸೊಂಡಿಲಿನಂಥ ಪುಟ್ಟ ನಳಿಕೆಯೊಂದು ಮೇಲೆದ್ದು ಆ ಕಡೆ ಈ ಕಡೆ ತಿರುಗಿ ವಾಸನೆ ಹಿಡಿಯುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ನಿಮಿಷದೊಳಗೆ ಎಲ್ಲವೂ ಗಸಗಸೆ-ಸಾಸಿವೆ ಕಾಳುಗಳನ್ನು ಮೈಮೇಲಿಂದ ಕೊಡವಿಕೊಳ್ಳುತ್ತಾ ಊಟದ ಕಡೆ ಹೊರಟಿರುತ್ತವೆ.